ಮಣಿಕಟ್ಟು ಸಣ್ಣ ಇದ್ದವರು ಮುಂಗೈ ದಪ್ಪ ಮಾಡುವುದು ಹೇಗೆ?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಎತ್ತರ 5 ಅಡಿ 8 ಇಂಚು, ತೂಕ 58 ಕಿಲೋ. ಮಣಿಕಟ್ಟಿನ ಸುತ್ತಳತೆ ಬರೀ 6 ಇಂಚು. ಜಿಮ್‌ಗೆ ಹೋಗಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಎದೆ, ಭುಜ ಪರವಾಗಿಲ್ಲ ಅನ್ನುವಷ್ಟು ಬಂದಿದೆ. ತೋಳಿಗೂ ಸ್ವಲ್ಪ ಆಕಾರ ಬಂತು. ಆದರೆ ಮೊಣಕೈಯಿಂದ ಕೆಳಗೆ ಏನೂ ಇಲ್ಲ, ಬಾಳೆದಂಟಿನ ಹಾಗೆ ಮೇಲಿಂದ ಕೆಳಗೆ ಒಂದೇ ಸಮ. ವಾಚ್ ಕಟ್ಟಿದರೆ ಕೊನೆಯ ತೂತಿಗೂ ಸಡಿಲ, ತಿರುಗಿ ಅಂಗೈ ಕಡೆಗೆ ಬರುತ್ತದೆ. ಅರ್ಧ ತೋಳಿನ ಅಂಗಿ ಹಾಕಲು ಮನಸ್ಸೇ ಬರುವುದಿಲ್ಲ, ಈ ಊರಿನ ಸೆಕೆಯಲ್ಲಿ ತುಂಬು ತೋಳು ಹಾಕಿಕೊಂಡು ತಿರುಗುವ ಕಷ್ಟ ನಿಮಗೆಲ್ಲ ಗೊತ್ತೇ ಇದೆ.

ಅಂಗಡಿಯಿಂದ ಒಂದು ಸ್ಪ್ರಿಂಗ್ ಗ್ರಿಪ್ಪರ್ ತಂದು ಟಿವಿ ನೋಡುತ್ತಾ ಒತ್ತುತ್ತಿದ್ದೇನೆ. ಏನೂ ವ್ಯತ್ಯಾಸ ಕಾಣುತ್ತಿಲ್ಲ. ಮಣಿಕಟ್ಟೇ ಸಣ್ಣ ಇದ್ದರೆ ಮುಂಗೈ ಬೆಳೆಯುವುದೇ ಇಲ್ವಾ? ಮಣಿಕಟ್ಟನ್ನೇ ದಪ್ಪ ಮಾಡುವ ವ್ಯಾಯಾಮ ಏನಾದರೂ ಇದೆಯಾ? ಗೊತ್ತಿದ್ದವರು ಹೇಳಿ.

ಬೈತಖೋಲ್ ಹುಡುಗ (ಕಾರವಾರ)

ಮೊದಲು ಆ ದೊಡ್ಡ ಡಯಲ್ ವಾಚ್ ಮಾರು. 36 ಎಂಎಂ ವಾಚ್ ಕಟ್ಟು. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. 😄

ತಮಾಷೆ ಅಲ್ಲ ಮಾರಾಯ, ಕೈ ಸಣ್ಣ ಇದ್ದವನು ಡಬ್ಬಿಯಷ್ಟು ದೊಡ್ಡ ವಾಚ್ ಕಟ್ಟಿದರೆ ಕೈ ಇನ್ನೂ ಸಣ್ಣ ಕಾಣುತ್ತದೆ. ವ್ಯಾಯಾಮದ ಬಗ್ಗೆ ಹಳೇರಾಡ್ ಅಣ್ಣ ಹೇಳುತ್ತಾರೆ, ಕಾಯಿ.

ಹಳೇರಾಡ್ (ಕಾರವಾರ)

ಕರೆದಿದ್ದಕ್ಕೆ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಜಿಮ್‌ಗೆ ಬರುವ ಹತ್ತು ಹುಡುಗರಲ್ಲಿ ಐದು ಜನ ಇದನ್ನೇ ಕೇಳುತ್ತಾರೆ.

ಮಣಿಕಟ್ಟಿನ ಚಿಂತೆ ಬಿಟ್ಟುಬಿಡು ತಮ್ಮಾ. ಈಗಲೇ ಒಂದು ಕೆಲಸ ಮಾಡು. ಬಲಗೈ ಮಣಿಕಟ್ಟನ್ನು ಎಡಗೈ ಬೆರಳುಗಳಿಂದ ಒತ್ತಿ ನೋಡು. ಏನು ಸಿಗುತ್ತದೆ? ಎಲುಬು, ಚರ್ಮ, ಮಧ್ಯದಲ್ಲಿ ಹುರಿಗಳು. ಹೆಬ್ಬೆರಳನ್ನೂ ಕಿರುಬೆರಳನ್ನೂ ಒಂದಕ್ಕೊಂದು ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಮಡಚಿದರೆ ನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. (ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಕಾಣಲಿಲ್ಲ ಅಂತ ಹೆದರಬೇಡ, ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ.) ಅದು ಸ್ನಾಯು ಅಲ್ಲ, ಸ್ನಾಯುವಿನ ಬಾಲ. ಸ್ನಾಯುವಿನ ಹೊಟ್ಟೆ ಇರುವುದು ಮೇಲೆ, ಮೊಣಕೈ ಹತ್ತಿರ. ಮಣಿಕಟ್ಟಿನಲ್ಲಿ ಉಬ್ಬಲಿಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಇಲ್ಲದ್ದನ್ನು ಬೆಳೆಸುವುದು ಹೇಗೆ?

ಈಗ ಇನ್ನೊಂದು. ಮೇಜಿನ ಮುಂದೆ ಕೂತು, ಮುಷ್ಟಿ ಕಟ್ಟಿ ಹೆಬ್ಬೆರಳು ಮೇಲಿರುವ ಹಾಗೆ ಕೈಯನ್ನು ಮೇಜಿನ ಅಡಿಗೆ ಇಟ್ಟು ಮೇಲಕ್ಕೆ ಒತ್ತು, ಮೇಜನ್ನು ಎತ್ತುವ ಹಾಗೆ. ಮೊಣಕೈ ಕೆಳಗೆ ಹೆಬ್ಬೆರಳಿನ ಸಾಲಿನಲ್ಲಿ ಒಂದು ಗಡ್ಡೆ ಏಳುತ್ತದೆ ನೋಡು. ಅದರ ಹೆಸರು ಬ್ರೇಕಿಯೋರೇಡಿಯಾಲಿಸ್. ಮುಂಗೈಯಲ್ಲಿ ಸುಮಾರು 20 ಸ್ನಾಯುಗಳಿವೆ, ಆದರೆ ಎದುರಿಗೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಇದು. ಮತ್ತು ಮಜಾ ಏನೆಂದರೆ ಇದು ಮಣಿಕಟ್ಟು ಮಡಚುವ ಸ್ನಾಯುವೇ ಅಲ್ಲ, ಮೊಣಕೈ ಮಡಚುವ ಸ್ನಾಯು. ನೀನು ಗ್ರಿಪ್ಪರನ್ನು ವರ್ಷಗಟ್ಟಲೆ ಒತ್ತಿದರೂ ಇದಕ್ಕೆ ಸರಿಯಾದ ಕೆಲಸ ಸಿಗುವುದಿಲ್ಲ.

ಇದಕ್ಕೆ ಬೇಕಾದ್ದು ಹ್ಯಾಮರ್ ಕರ್ಲ್ ಮತ್ತು ರಿವರ್ಸ್ ಕರ್ಲ್. ಹ್ಯಾಮರ್ ಅಂದರೆ ಹೆಬ್ಬೆರಳು ಮೇಲೆ ಇಟ್ಟು, ಮೊಣಕೈ ಮಡಚುತ್ತಾ ಡಂಬಲ್ ಎತ್ತುವುದು. ರಿವರ್ಸ್ ಅಂದರೆ ಅಂಗೈ ನೆಲದ ಕಡೆ. ಅಂಗೈ ಕೆಳಗೆ ತಿರುಗಿದ ಕೂಡಲೇ ತೋಳಿನ ಮುಂಭಾಗದ ಬೈಸೆಪ್ಸ್‌ಗೆ ಪೂರ್ತಿ ಜೋರು ಹಾಕಲು ಆಗುವುದಿಲ್ಲ, ಭಾರ ಹೆಚ್ಚಾಗಿ ಕೆಳಗಿನ ಸ್ನಾಯುಗಳ ಮೇಲೆ ಬರುತ್ತದೆ. ಹಾಗಾಗಿ ಮಾಮೂಲಿ ಕರ್ಲ್‌ಗೆ ಹಾಕುವ ತೂಕದ ಅರ್ಧ ಹಾಕಿದರೂ ಸಾಕು. ನೇರ ರಾಡ್‌ನಲ್ಲಿ ರಿವರ್ಸ್ ಕರ್ಲ್ ಮಾಡಿದರೆ ಸಣ್ಣ ಮಣಿಕಟ್ಟಿನವರಿಗೆ ನೋವು ಬರುವುದು ಜಾಸ್ತಿ. ಅಂಕುಡೊಂಕು ರಾಡ್ ಇರುತ್ತದಲ್ಲ, ಅದನ್ನು ಹಿಡಿ.

ಆಮೇಲೆ ಒಳಭಾಗ, ಅಂದರೆ ಅಂಗೈ ಕಡೆಯದ್ದು. ಅದಕ್ಕೆ ರಿಸ್ಟ್ ಕರ್ಲ್. ಬೆಂಚಿನ ಮೇಲೆ ಮುಂಗೈ ಮಲಗಿಸಿ, ಅಂಗೈ ಮೇಲೆ, ಮಣಿಕಟ್ಟು ಬೆಂಚಿನ ಅಂಚಿನಿಂದ ಆಚೆ. ರಾಡ್ ಬೆರಳ ತುದಿವರೆಗೆ ಉರುಳಿ ಹೋಗಲು ಬಿಡು, ಅಲ್ಲಿಂದ ಬೆರಳು ಮಡಚುತ್ತಾ ಎಳೆದುಕೊಂಡು ಮೇಲೆ ತಂದು ಒಂದು ಕ್ಷಣ ಬಿಗಿಹಿಡಿ. ಹುಡುಗರು ಇಲ್ಲಿ ಸಿಕ್ಕಾಪಟ್ಟೆ ತೂಕ ಹಾಕಿ ಎರಡು ಇಂಚು ಅಲ್ಲಾಡಿಸಿ ಮುಗಿಸುತ್ತಾರೆ. ಅದರಿಂದ ಏನೂ ಬರುವುದಿಲ್ಲ. 5 ಕಿಲೋದಲ್ಲಿ 15ರಿಂದ 20 ಸಲ, ಕೆಳಗೆ ಪೂರ್ತಿ ಬಿಟ್ಟು ಮೇಲೆ ಪೂರ್ತಿ ಎತ್ತಿ ಮಾಡಿ ನೋಡು, ಕೈ ಉರಿಯುತ್ತದೆ.

ಹಿಂಭಾಗವನ್ನು ಯಾರೂ ಮಾಡುವುದಿಲ್ಲ. ಅಂಗೈ ಕೆಳಗೆ ಇಟ್ಟು ಅದೇ ರೀತಿ, ಕೈಯ ಹಿಂಭಾಗವನ್ನು ಮೇಲಕ್ಕೆ ಎತ್ತುವುದು. 2 ಕಿಲೋದಿಂದ ಶುರು ಮಾಡು. ನಾಚಿಕೆ ಬೇಡ. ನೆಲದಿಂದ 100 ಕಿಲೋ ಎತ್ತಿ ಡೆಡ್‌ಲಿಫ್ಟ್ ಮಾಡುವವರೂ ಇಲ್ಲಿ 3 ಕಿಲೋಗೆ ಒದ್ದಾಡುವುದನ್ನು ನೋಡಿದ್ದೇನೆ.

ಕೊನೆಯದಾಗಿ, ಮಣಿಕಟ್ಟಿಗೆ ಕಟ್ಟಿ ರಾಡಿಗೆ ಸುತ್ತುವ ಸ್ಟ್ರಾಪ್ ಹಾಕಿಕೊಂಡು ಪುಲ್‌ಅಪ್, ರೋಯಿಂಗ್ ಮಾಡುತ್ತಿದ್ದೀಯಾ? ಹೌದಾದರೆ ಅದನ್ನು ಬ್ಯಾಗಿನಲ್ಲೇ ಇಡು. ಮುಂಗೈಗೆ ಪುಕ್ಕಟೆ ಸಿಗುವ ಕೆಲಸವನ್ನು ಆ ಪಟ್ಟಿ ತಿಂದುಹಾಕುತ್ತದೆ. ಕೈ ಬೆವರಿ ಜಾರುತ್ತದೆ ಅಂತ ಹೇಳಬೇಡ, ಸಮುದ್ರದ ಪಕ್ಕ ಇದ್ದವರಿಗೆಲ್ಲ ಕೈ ಬೆವರುತ್ತದೆ. ಚಾಕ್ ಪುಡಿ ತಗೋ.

ಇನ್ನು ಸಣ್ಣ ಮಣಿಕಟ್ಟಿನ ಲಾಭ ಯಾರೂ ಹೇಳುವುದಿಲ್ಲ. ಮಣಿಕಟ್ಟು 6 ಇಂಚು ಇದ್ದವನ ಮುಂಗೈ ಅರ್ಧ ಇಂಚು ಬಂದರೂ ಎದ್ದು ಕಾಣುತ್ತದೆ. ಮಣಿಕಟ್ಟು ಏಳೂವರೆ ಇದ್ದವನಿಗೆ ಅದೇ ಅರ್ಧ ಇಂಚು ಬಂದರೆ ಅವನ ಹೆಂಡತಿಗೂ ಗೊತ್ತಾಗುವುದಿಲ್ಲ.

ಅಡಿಕೆತೋಟ (ಶಿರಸಿ)

ಇಷ್ಟೆಲ್ಲ ಹೆಸರು ಯಾಕೆ ಬೇಕು ತಮಾ? ಹ್ಯಾಮರು, ರಿವರ್ಸು. ನಮ್ಮ ಕಡೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೈ ನೋಡಿದ್ದೀಯಾ? ದಿನಕ್ಕೆ ಎಷ್ಟು ಮರ ಹತ್ತುತ್ತಾನೆ, ಒಂದು ಮರದಿಂದ ಇನ್ನೊಂದು ಮರ ಎಳೆದುಕೊಂಡು ದಾಟುತ್ತಾನೆ, ಕೊನೆ ಹಗ್ಗಕ್ಕೆ ಸಿಕ್ಕಿಸಿ ಇಳಿಸುತ್ತಾನೆ. ಜಿಮ್ ಬಾಗಿಲು ನೋಡಿದವನಲ್ಲ. ಮುಂಗೈ ನೋಡಿದರೆ ಹಗ್ಗ ಹೊಸೆದಿಟ್ಟ ಹಾಗಿದೆ. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಹಿಡಿತವನ್ನು ನಿಮ್ಮ ಜಿಮ್ ಹುಡುಗರು ಬಿಡಿಸಿಕೊಂಡು ತೋರಿಸಲಿ.

ಸುಗ್ಗಿಗೆ ಬಾ, ಕೂಲಿಯೂ ಕೊಡುತ್ತೇನೆ, ಊಟವೂ ಹಾಕುತ್ತೇನೆ. ಜನ ಸಿಗದೆ ಸಾಯುತ್ತಿದ್ದೇವೆ ಇಲ್ಲಿ.

ಹಳೇರಾಡ್ (ಕಾರವಾರ)

ಮಾವ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಎರಡು ವಿಷಯ. ಒಂದು, ಅವರು ಆ ಕೆಲಸಕ್ಕೆ ಇಳಿದಿದ್ದು ಎಳೆ ವಯಸ್ಸಿನಲ್ಲಿ, ಮಾಡುವುದು ದಿನಕ್ಕೆ ಏಳೆಂಟು ತಾಸು. ಆಫೀಸಿನಲ್ಲಿ ಕೂರುವ ಹುಡುಗನಿಗೆ ವಾರಕ್ಕೆ ಸಿಗುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಆಗಬೇಕಾದ್ದನ್ನು ಆರಿಸಿ ಮಾಡಬೇಕು, ಅದಕ್ಕೇ ಈ ಹೆಸರುಗಳು.

ಎರಡನೇದು, ಮರ ಹತ್ತುವವರ ಕೈಗೆ ಹಿಡಿತ ಇದೆ, ಹುರಿಗಟ್ಟಿದ ಹಾಗೆ ಕಾಣುತ್ತದೆ, ಮೈಯಲ್ಲಿ ಕೊಬ್ಬು ಕಡಿಮೆ ಅಂತ ನರ ಎದ್ದು ಕಾಣುತ್ತದೆ. ಟೇಪ್ ಹಿಡಿದು ಅಳೆದರೆ ಎಲ್ಲರದ್ದೂ ದಪ್ಪ ಇರುವುದಿಲ್ಲ. ಹುಡುಗ ಕೇಳಿದ್ದು ದಪ್ಪ. ಸುಮ್ಮನೆ ಬಿಗಿಯಾಗಿ ಹಿಡಿದು ನಿಲ್ಲುವುದರಿಂದ ತ್ರಾಣ ಬರುತ್ತದೆ, ದಪ್ಪ ಬರಬೇಕಾದರೆ ಸ್ನಾಯು ಪೂರ್ತಿ ಎಳೆದು ಪೂರ್ತಿ ಮಡಚುವ ಕೆಲಸವೂ ಬೇಕು.

ಈಗ ನಿಮ್ಮ ಕಡೆಯೂ ಮರ ಹತ್ತುವುದು ಕಡಿಮೆಯಾಗಿ, ನೆಲದಲ್ಲಿ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂತಲ್ಲ?

ಅಡಿಕೆತೋಟ (ಶಿರಸಿ)

ಬಂದಿದೆ. ದೋಟಿ ಹಿಡಿದು ಅರ್ಧ ದಿನ ಮೇಲೆ ನೋಡುತ್ತಾ ನಿಲ್ಲಲಿ, ಗೊತ್ತಾಗುತ್ತದೆ. ಮುಂಗೈಗಿಂತ ಮೊದಲು ಕುತ್ತಿಗೆ ಹಿಡಿಯುತ್ತದೆ.

ಮಾಜಾಳಿ ತೀರ (ಕಾರವಾರ)

ನನ್ನ ಅನುಭವ ಬೇರೆ. ಮಣಿಕಟ್ಟು ದಪ್ಪ ಆಗುವುದೇ ಇಲ್ಲ ಅನ್ನುವುದನ್ನು ಒಪ್ಪಲು ಕಷ್ಟ. ನಮ್ಮ ಮನೆಯಲ್ಲಿ ಅಜ್ಜ ರಂಪಣಿ ಬಲೆ ಎಳೆದು ಮೀನು ಹಿಡಿದವರು. 1970ರ ದಶಕದಲ್ಲಿ ಸಮುದ್ರದಲ್ಲೇ ಬಲೆ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು, ಅದಕ್ಕಿಂತ ಮುಂಚಿನ ಮಾತು ಇದು. ದಡದಲ್ಲಿ ಎರಡು ಸಾಲು ಜನ ನಿಂತು ಒದ್ದೆ ಹಗ್ಗ ಎಳೆಯುವುದು, ಬಲೆ ಮೇಲೆ ಬರುವವರೆಗೆ ಬಿಡುವ ಹಾಗಿಲ್ಲ. ಅವರ ಮಣಿಕಟ್ಟು ನನ್ನ ಎರಡು ಕೈಗೂ ಸಿಗುತ್ತಿರಲಿಲ್ಲ. ಅಪ್ಪ ಅಂಗಡಿ ಹಾಕಿದವರು, ಅವರದ್ದು ಸಣ್ಣ. ನನ್ನದು ಇನ್ನೂ ಸಣ್ಣ. ಒಂದೇ ಮನೆತನ, ಒಂದೇ ರಕ್ತ. ಕೆಲಸದಿಂದ ಅಲ್ಲದಿದ್ದರೆ ಎಲ್ಲಿಂದ ಬಂತು?

ಫಿಸಿಯೋ ಅಕ್ಕ (ಕುಮಟಾ)

ಮಾಜಾಳಿ ತೀರ ಅವರ ಪ್ರಶ್ನೆ ಒಳ್ಳೆಯದು. ಎಲುಬು ಕಲ್ಲಲ್ಲ, ಭಾರ ಬಿದ್ದ ಹಾಗೆ ಗಟ್ಟಿಯಾಗುತ್ತದೆ. ಚಿಕ್ಕ ವಯಸ್ಸಿನಿಂದ ಟೆನ್ನಿಸ್ ಆಡಿದವರ ಆಡುವ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ ಇರುವುದನ್ನು ಅಳೆದು ತೋರಿಸಿದ್ದಾರೆ. ಆದರೆ ಆ ವ್ಯತ್ಯಾಸ ಜಾಸ್ತಿ ಕಾಣುವುದು ದೊಡ್ಡವರಾಗುವ ಮುಂಚೆ ಶುರು ಮಾಡಿದವರಲ್ಲಿ. ಮಣಿಕಟ್ಟಿನ ಹತ್ತಿರದ ಎಲುಬಿನ ಬೆಳೆಯುವ ಭಾಗ ಹುಡುಗರಲ್ಲಿ 17ರಿಂದ 19ರ ಆಸುಪಾಸಿನಲ್ಲಿ ಮುಚ್ಚಿಕೊಳ್ಳುತ್ತದೆ. ಅಜ್ಜ ಬಹುಶಃ ಹತ್ತು ಹನ್ನೆರಡು ವಯಸ್ಸಿಗೇ ಹಗ್ಗ ಹಿಡಿದಿರಬೇಕು. 24ರ ನಂತರ ವ್ಯಾಯಾಮದಿಂದ ಎಲುಬಿನ ಸಾಂದ್ರತೆ ಹೆಚ್ಚುತ್ತದೆ, ಹುರಿಗಳು ಸ್ವಲ್ಪ ಬಲಿಯುತ್ತವೆ, ಟೇಪಿನಲ್ಲಿ ಮಾತ್ರ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ.

ನಾನು ಬಂದಿದ್ದು ಬೇರೆ ವಿಷಯ ಹೇಳಲಿಕ್ಕೆ. ಮುಂಗೈ ವ್ಯಾಯಾಮ ಅಂದ ಕೂಡಲೇ ಹುಡುಗರು ದಿನಾ ಮಾಡಲು ಶುರು ಮಾಡುತ್ತಾರೆ. ಮೂರನೇ ವಾರಕ್ಕೆ ಮೊಣಕೈ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ. ಸ್ನಾಯು ಬೇಗ ಬಲ ತಗೊಳ್ಳುತ್ತದೆ, ಅದನ್ನು ಎಲುಬಿಗೆ ಕಟ್ಟಿದ ಹುರಿ ನಿಧಾನ. ಮುಂಗೈಯ ಹಿಂಭಾಗದ ಮೇಲ್ಪದರದ ಸ್ನಾಯುಗಳು ಮೊಣಕೈಯ ಹೊರಗಿನ ಮೂಳೆಯ ಗುಬುಟಿನ ಹತ್ತಿರ ಸೇರುತ್ತವೆ, ಒಳಭಾಗದ ಮೇಲ್ಪದರದವು ಒಳಗಿನ ಗುಬುಟಿಗೆ. ಹೊರಗೆ ನೋವು ಬಂದರೆ ಟೆನ್ನಿಸ್ ಎಲ್ಬೋ, ಒಳಗೆ ಬಂದರೆ ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಟೆನ್ನಿಸ್ ಬ್ಯಾಟ್ ಮುಟ್ಟಿದವರೇ ಇಲ್ಲ. ಅಡಿಕೆ ಸುಲಿಯುವವರು, ಬಟ್ಟೆ ಹಿಂಡುವವರು, ಗಾರೆ ಕೆಲಸದವರು, ಮತ್ತೆ ಈ ಜಿಮ್ ಹುಡುಗರು.

ಪರೀಕ್ಷೆ ಸುಲಭ. ಮೊಣಕೈ ನೇರ ಇಟ್ಟು, ಅಂಗೈ ಕೆಳಗೆ ಮಾಡಿ, ನೀರು ತುಂಬಿದ ತಂಬಿಗೆಯನ್ನು ಕಂಠ ಹಿಡಿದು ಎತ್ತಿ. ಮೊಣಕೈ ಹೊರಗೆ ಚುರುಕ್ ಅಂದರೆ ಭಾರ ಇಳಿಸುವ ಸಮಯ ಬಂತು ಅಂತ ಅರ್ಥ. ಪೂರ್ತಿ ನಿಲ್ಲಿಸಬೇಕಿಲ್ಲ. ಒಂದು ಕಿಲೋ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮೇಲೆ ತಂದು, ನಿಧಾನಕ್ಕೆ ಕೆಳಗೆ ಬಿಡುವುದನ್ನು ಅಭ್ಯಾಸ ಮಾಡಿದರೆ ಬಹಳಷ್ಟು ಜನರಿಗೆ ಹುರಿ ಮತ್ತೆ ಗಟ್ಟಿಯಾಗುತ್ತದೆ. ವಾರಗಟ್ಟಲೆ ಹಿಡಿಯುತ್ತದೆ. ಎಣ್ಣೆ ತಿಕ್ಕಿ ಮೂರು ದಿನದಲ್ಲಿ ಕಳೆಯುವ ನೋವಲ್ಲ ಅದು.

ಕಾಳಿದಂಡೆ (ಕಾರವಾರ)

ಎಲ್ಲರಿಗೂ ಧನ್ಯವಾದ. ಮೇಜಿನ ಅಡಿಗೆ ಕೈ ಇಟ್ಟು ನೋಡಿದೆ, ಗಡ್ಡೆ ಇದೆ! ಸಣ್ಣದು, ಆದರೆ ಇದೆ. ಹುರಿಯೂ ಬಲಗೈಯಲ್ಲಿ ಕಾಣುತ್ತದೆ, ಎಡಗೈಯಲ್ಲಿ ಇಲ್ಲ.

ಹಳೇರಾಡ್ ಅಣ್ಣ, ಒಂದು ಕಷ್ಟ ಏನೆಂದರೆ ಮಳೆಗಾಲದಲ್ಲಿ ಜಿಮ್ ತಪ್ಪುವುದೇ ಜಾಸ್ತಿ. ಮನೆಯಲ್ಲಿ ಡಂಬಲ್ ಇಲ್ಲ. ಸದ್ಯಕ್ಕೆ ಕೊಂಡುಕೊಳ್ಳುವ ಹಾಗೂ ಇಲ್ಲ. ಮನೆಯಲ್ಲೇ ಇದ್ದ ಸಾಮಾನಿನಲ್ಲಿ ಏನಾದರೂ ಆಗುತ್ತದಾ? ಆ ಗ್ರಿಪ್ಪರನ್ನು ಎಸೆಯಬೇಕಾ?

ಹಳೇರಾಡ್ (ಕಾರವಾರ)

ಎಸೆಯಬೇಡ. ಬೆರಳು ಮಡಚುವ ಸ್ನಾಯುಗೆ ಅದು ಒಳ್ಳೆಯದೇ. ಆದರೆ ಟಿವಿ ನೋಡುತ್ತಾ ನೂರು ಸಲ ಒತ್ತುವಷ್ಟು ಸಡಿಲ ಆಗಿದ್ದರೆ ಅದು ಬರೀ ಕೈಗೆ ಮಾಡಿಸುವ ಟೈಮ್‌ಪಾಸ್. ಹತ್ತು ಹನ್ನೆರಡು ಸಲಕ್ಕೆ ಸುಸ್ತಾಗುವಂಥದ್ದು ಬೇಕು.

ಮನೆಯಲ್ಲಿ ಮಾಡಲಿಕ್ಕೆ ಹೇಳಿ ಮಾಡಿಸಿದ ಸಾಮಾನು ರಿಸ್ಟ್ ರೋಲರ್. ಒಂದೂವರೆ ಅಡಿ ಉದ್ದದ ಪಿವಿಸಿ ಪೈಪ್ ತಗೋ, ಕೈಗೆ ಸ್ವಲ್ಪ ದಪ್ಪ ಅನ್ನಿಸುವಂಥದ್ದು. ಮಧ್ಯದಲ್ಲಿ ತೂತು ಮಾಡಿ ತೆಂಗಿನ ನಾರಿನ ಹಗ್ಗ ತೂರಿಸಿ ಒಳಗಿಂದ ಗಂಟು ಹಾಕು. ಹಗ್ಗದ ಉದ್ದ ನಿನ್ನ ಎದೆಯಿಂದ ನೆಲದವರೆಗೆ ಇರಲಿ. ಕೆಳತುದಿಗೆ ಹಿಡಿಕೆ ಇರುವ 5 ಲೀಟರ್ ಎಣ್ಣೆ ಡಬ್ಬಿ ಕಟ್ಟು. ಮೊದಲು ಅರ್ಧ ನೀರು, ಅಂದರೆ ಎರಡೂವರೆ ಕಿಲೋ. ಆಮೇಲೆ ಪೂರ್ತಿ ನೀರು, 5 ಕಿಲೋ. ಅದು ಸುಲಭ ಆದ ದಿನ ನೀರು ಚೆಲ್ಲಿ ಒಣ ಮರಳು ತುಂಬು, ಏಳೆಂಟು ಕಿಲೋ ಆಗುತ್ತದೆ.

ಈಗ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಒಂದಾದ ಮೇಲೊಂದು ಮಣಿಕಟ್ಟು ತಿರುಗಿಸುತ್ತಾ ಹಗ್ಗ ಸುತ್ತು. ಡಬ್ಬಿ ಮೇಲೆ ಬಂತಾ? ಈಗ ಕೆಳಗೆ ಬಿಡುವುದನ್ನೂ ತಿರುಗಿಸುತ್ತಲೇ ಬಿಡಬೇಕು, ಸರ್ರನೆ ಜಾರಿಸಬಾರದು. ಮುಂದಕ್ಕೆ ಸುತ್ತಿದರೆ ಒಂದು ಕಡೆಯ ಸ್ನಾಯುಗೆ, ಹಿಂದಕ್ಕೆ ಸುತ್ತಿದರೆ ಇನ್ನೊಂದು ಕಡೆಗೆ. ಎರಡೂ ಮಾಡು. ಕೈಯನ್ನು ಮುಂದೆ ಚಾಚಿ ಮಾಡಿದರೆ ಮುಂಗೈಗಿಂತ ಮೊದಲು ಭುಜ ಸೋಲುತ್ತದೆ, ಆದ್ದರಿಂದ ಮುಂಗೈಯನ್ನು ಕಿಟಕಿಯ ದಂಡೆ ಮೇಲೋ ಜಗುಲಿ ಕಟ್ಟೆ ಮೇಲೋ ಊರಿಕೊಂಡು ಮಾಡು. ಮೂರು ಸಲ ಏರಿಸಿ ಇಳಿಸಿದರೆ ಆಮೇಲೆ ಚಹಾ ಲೋಟ ಹಿಡಿಯಲು ಎರಡು ಕೈ ಬೇಕು.

ಹ್ಯಾಮರ್ ಕರ್ಲ್‌ಗೆ ಅದೇ ಡಬ್ಬಿ ಸಾಕು, ಹಿಡಿಕೆ ಹಿಡಿದರೆ ಹೆಬ್ಬೆರಳು ತಾನಾಗಿ ಮೇಲೆ ಬರುತ್ತದೆ. ಆಮೇಲೆ ನಡಿಗೆ. 20 ಲೀಟರ್ ಕ್ಯಾನ್ ಎರಡು ತುಂಬಿ, ಕೈಗೊಂದು ಹಿಡಿದು ಅಂಗಳದಲ್ಲಿ ಹಿಡಿತ ಬಿಡುವವರೆಗೆ ನಡೆ. ಜಿಮ್‌ನಲ್ಲಿ ಇದಕ್ಕೆ ಫಾರ್ಮರ್ ವಾಕ್ ಅಂತ ಹೆಸರಿಟ್ಟು ದುಡ್ಡು ತಗೊಳ್ಳುತ್ತೇವೆ. ನಮ್ಮ ಅಮ್ಮಂದಿರು ಬಾವಿಯಿಂದ ಮನೆಗೆ ದಿನಾ ಮಾಡಿದ್ದು.

ಇನ್ನೊಂದು, ಬೆರಳು ಬಿಡಿಸುವ ಸ್ನಾಯುಗೆ. ಒಂದು ಬಕೆಟ್ ಮರಳಿನಲ್ಲಿ ಮಣಿಕಟ್ಟು ಮುಳುಗುವ ತನಕ ಕೈ ತೂರಿಸಿ, ಮುಷ್ಟಿಯಿಂದ ಬೆರಳು ಅಗಲಿಸುತ್ತಾ ತೆಗೆ. ಗ್ರಿಪ್ಪರ್ ಒತ್ತುವವರೆಲ್ಲ ಇದನ್ನು ಮಾಡಲೇಬೇಕು.

ಮಳೆಗಾಲದಲ್ಲಿ ಜಿಮ್ ತಪ್ಪಿಸುವುದು ನಿನ್ನ ಹಣೆಬರಹ, ಅದಕ್ಕೆ ನಾನೇನೂ ಹೇಳುವುದಿಲ್ಲ. ನಮ್ಮ ಜಿಮ್‌ನಲ್ಲಿ ಆಷಾಢದಲ್ಲಿ ರಾಡ್ ಹಿಡಿದರೆ ಅಂಗೈಯೆಲ್ಲ ತುಕ್ಕಿನ ಕೆಂಪು. ಸಮುದ್ರದ ಗಾಳಿ. ವಾರಕ್ಕೊಮ್ಮೆ ತಂತಿ ಬ್ರಷ್‌ನಿಂದ ತಿಕ್ಕುವುದೇ ಒಂದು ಮುಂಗೈ ವ್ಯಾಯಾಮ.

ಮೀನುಸಾರು (ಅಂಕೋಲಾ)

ಎಲ್ಲರೂ ಕೈಯ ಬಗ್ಗೆಯೇ ಹೇಳುತ್ತಿದ್ದೀರಿ, ಅವನ ತೂಕ ಯಾರೂ ನೋಡಲಿಲ್ಲ. 5 ಅಡಿ 8 ಇಂಚಿಗೆ 58 ಕಿಲೋ. ಮೈಯಲ್ಲೇ ಇಲ್ಲ, ಮುಂಗೈಗೆ ಎಲ್ಲಿಂದ ಬರಬೇಕು? ಮುಂಗೈ ಒಂದೇ ದಪ್ಪ ಆಗಿ ಉಳಿದದ್ದು ಹಾಗೇ ಇರುವುದು ಬಹಳ ಅಪರೂಪ. ತಿನ್ನಬೇಕು. ತೂಕ 64, 65 ಆಗಲಿ, ಮುಂಗೈ ತಾನಾಗಿ ಸ್ವಲ್ಪ ತುಂಬುತ್ತದೆ.

ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ ಸಾಕು ಅನ್ನುತ್ತಾರೆ. ನಿನಗೆ ಲೆಕ್ಕ ಹಾಕಿದರೆ 93 ಗ್ರಾಂ. 100 ಗ್ರಾಂ ಬಂಗುಡೆ ಮಾಂಸದಲ್ಲಿ 19 ಗ್ರಾಂ ಹತ್ತಿರ ಇದೆ, ಒಂದು ಮೊಟ್ಟೆಯಲ್ಲಿ 6. ತಾರ್ಲೆ ಮೀನು ಇನ್ನೂ ಅಗ್ಗ. ಕಾರವಾರದಲ್ಲಿ ಹುಟ್ಟಿ ಡಬ್ಬದ ಪುಡಿಗೆ ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ನಿಷೇಧ ಇರುವಾಗ ಮಾತ್ರ ಮೀನು ದುಬಾರಿ. ಆಗ ಮೊಟ್ಟೆ, ಕಾಳು. ಒಣಮೀನಿನಲ್ಲಿ ಪ್ರೋಟೀನ್ ಜಾಸ್ತಿ ಇದೆ, ಉಪ್ಪೂ ಜಾಸ್ತಿ ಇದೆ, ದಿನಾ ತಿನ್ನುವುದಲ್ಲ.

ಅಡಿಕೆತೋಟ (ಶಿರಸಿ)

ಮೀನು ತಿನ್ನದವರು ಎಲ್ಲಿಗೆ ಹೋಗಬೇಕು?

ಮೀನುಸಾರು (ಅಂಕೋಲಾ)

ಎಲ್ಲಿಗೂ ಹೋಗಬೇಡಿ ಮಾವ. 100 ಗ್ರಾಂ ಒಣ ಹೆಸರುಕಾಳಿನಲ್ಲಿ 24 ಗ್ರಾಂ ಇದೆ. ಶೇಂಗಾದಲ್ಲೂ ಹೆಚ್ಚುಕಡಿಮೆ ಅಷ್ಟೇ, ಆದರೆ ಎಣ್ಣೆ ಜಾಸ್ತಿ, ತೂಕ ಏರಿಸಬೇಕಾದವರಿಗೆ ಅದೂ ಒಳ್ಳೆಯದೇ. ಸೋಯಾ ಚಂಕ್ಸ್ 50 ಗ್ರಾಂ ಬೇಯಿಸಿದರೆ 25 ಗ್ರಾಂ ಸಿಕ್ಕಿತು. ಹಾಲು, ಮೊಸರು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಕಷ್ಟ ಏನೆಂದರೆ ನಿಮ್ಮ ಕಡೆ ಊಟದಲ್ಲಿ ಅನ್ನ ಒಂದು ಗುಡ್ಡೆ, ಅದರ ಮೇಲೆ ತಂಬುಳಿ, ಅಪ್ಪೆಹುಳಿ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ, ಪ್ರೋಟೀನ್ ಬರುವುದಿಲ್ಲ.

ಅಡಿಕೆತೋಟ (ಶಿರಸಿ)

ಅಪ್ಪೆಹುಳಿ ಬಗ್ಗೆ ಮಾತಾಡಬೇಡ. ಉಳಿದದ್ದು ಒಪ್ಪಿದೆ.

ಚಂಡೆ ಪೆಟ್ಟು (ಹೊನ್ನಾವರ)

ನನ್ನದು ಸ್ವಲ್ಪ ಬೇರೆ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನಾನು ಯಕ್ಷಗಾನಕ್ಕೆ ಚಂಡೆ ಬಾರಿಸುತ್ತೇನೆ. ನನ್ನ ಮಣಿಕಟ್ಟೂ ಸಣ್ಣದೇ. ಯುದ್ಧದ ಪ್ರಸಂಗ ಇದ್ದ ರಾತ್ರಿ ಬೆಳಗಿನ ಜಾವಕ್ಕೆ ಮುಂಗೈ ಕಲ್ಲಾಗುತ್ತದೆ, ಬೆರಳಿನಿಂದ ಕೋಲು ಜಾರುತ್ತದೆ. ಈ ರಿಸ್ಟ್ ಕರ್ಲ್ ಎಲ್ಲ ಮಾಡಿದರೆ ತ್ರಾಣ ಬರುತ್ತದಾ, ಇಲ್ಲ ಕೈ ಬಿಗಿಯಾಗಿ ಉರುಳಿಕೆ ಕೆಡುತ್ತದಾ? ನಮ್ಮ ಗುರುಗಳು ಭಾರ ಎತ್ತಬೇಡ ಅಂತಲೇ ಹೇಳುತ್ತಾರೆ.

ಫಿಸಿಯೋ ಅಕ್ಕ (ಕುಮಟಾ)

ಗುರುಗಳ ಮಾತಿನಲ್ಲಿ ಅರ್ಥ ಇದೆ, ಆದರೆ ಪೂರ್ತಿ ಬಿಡಬೇಕಿಲ್ಲ. ಭಾರ ಎತ್ತಿದ ಮರುದಿನ ಸ್ನಾಯು ಬಿಗಿದಿರುತ್ತದೆ, ಆ ದಿನ ಕೈಯ ಚುರುಕು ಕಡಿಮೆ. ಹಾಗಾಗಿ ಆಟದ ಹಿಂದಿನ ದಿನವೂ, ಆಟದ ದಿನವೂ ಬೇಡ. ಉಳಿದ ದಿನಗಳಲ್ಲಿ ಹಗುರ ಭಾರ, 20ರ ಮೇಲೆ ಎಣಿಕೆ, ಅದರಲ್ಲೂ ಹಿಂಭಾಗದ್ದು ಜಾಸ್ತಿ. ಸ್ನಾಯು ಬೆಳೆದರೆ ಕೈ ನಿಧಾನ ಆಗುತ್ತದೆ ಅನ್ನುವುದು ತಪ್ಪು ಕಲ್ಪನೆ. ದಣಿದ ಕೈ ನಿಧಾನ ಆಗುತ್ತದೆ.

ಮತ್ತೆ ಬೆಳಗಿನ ಜಾವಕ್ಕೆ ಕೋಲು ಜಾರುವುದು ಶಕ್ತಿ ಸಾಲದೆ ಆಗಿರಲಿಕ್ಕಿಲ್ಲ. ಆತುರದಲ್ಲಿ ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುವುದರಿಂದಲೂ ಮುಂಗೈ ಕಲ್ಲಾಗುತ್ತದೆ. ಅದನ್ನು ಗುರುಗಳೇ ತಿದ್ದಬೇಕು, ನಾವಲ್ಲ.

ಗೋಕರ್ಣದವಳು (ಗೋಕರ್ಣ)

ಹುಡುಗಿಯರಿಗೂ ಇದೇ ವ್ಯಾಯಾಮವಾ? ನನಗೆ ದಪ್ಪ ಬೇಡ, ಪುಲ್‌ಅಪ್ ಬಾರಿನಲ್ಲಿ ಜೋತು ನಿಲ್ಲುವಷ್ಟು ಹಿಡಿತ ಬೇಕು. ಈಗ ಹದಿನೈದು ಸೆಕೆಂಡಿಗೆ ಕೈ ಬಿಡುತ್ತದೆ.

ಹಳೇರಾಡ್ (ಕಾರವಾರ)

ಹಿಡಿತವೇ ಬೇಕಾದರೆ ನಿಮಗೆ ರಿಸ್ಟ್ ಕರ್ಲ್‌ಗಿಂತ ಜೋತು ಬೀಳುವುದೇ ಸರಿ. ಕೈ ಬಿಡುವ ಎರಡು ಸೆಕೆಂಡ್ ಮುಂಚೆ ನೀವೇ ಇಳಿದುಬಿಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ. ನಾಲ್ಕೈದು ಸಲ. ವಾರಕ್ಕೆ ಮೂರು ದಿನ. ಅರ್ಧ ನಿಮಿಷ ಸಲೀಸಾದ ಮೇಲೆ ಬಾರಿಗೆ ಟವೆಲ್ ಸುತ್ತಿ ಹಿಡಿಯಿರಿ, ಬಾರ್ ದಪ್ಪ ಆದಷ್ಟೂ ಬೆರಳಿಗೆ ಕೆಲಸ ಜಾಸ್ತಿ. ದಪ್ಪ ಆಗುತ್ತದೆ ಅನ್ನುವ ಹೆದರಿಕೆ ಬಿಡಿ. ಇಲ್ಲಿ ದಪ್ಪ ಮಾಡಬೇಕು ಅಂತ ಪಣ ತೊಟ್ಟವನಿಗೇ ಎರಡು ವರ್ಷದಿಂದ ಆಗಿಲ್ಲ!

ಕಾಳಿದಂಡೆ (ಕಾರವಾರ)

😑

ಅಣ್ಣ, ಕೊನೆಯದಾಗಿ ವಾರಕ್ಕೆ ಎಷ್ಟು ದಿನ, ಯಾವಾಗ ಅಂತ ಒಂದು ಕಡೆ ಹೇಳಿಬಿಡಿ.

ಹಳೇರಾಡ್ (ಕಾರವಾರ)

ವಾರಕ್ಕೆ ಎರಡು ದಿನದಿಂದ ಶುರು ಮಾಡು. ಬೆನ್ನು, ಬೈಸೆಪ್ಸ್ ಮಾಡುವ ದಿನದ ಕೊನೆಯಲ್ಲಿ. ಮೊದಲೇ ಮಾಡಿದರೆ ಪುಲ್‌ಅಪ್‌ಗೆ ಹಿಡಿತ ಉಳಿಯುವುದಿಲ್ಲ. ಮಾಮೂಲಿ ಬೈಸೆಪ್ ಕರ್ಲ್‌ನ ಅರ್ಧ ಸೆಟ್ ಕಡಿಮೆ ಮಾಡಿ ಆ ಜಾಗಕ್ಕೆ ಹ್ಯಾಮರ್ ಅಥವಾ ರಿವರ್ಸ್ ಹಾಕು, ಒಂದು ದಿನ ಅದು, ಇನ್ನೊಂದು ದಿನ ಇದು, 10ರಿಂದ 12 ಎಣಿಕೆಯ ಮೂರು ಸೆಟ್. ಅದಾದ ಮೇಲೆ ರಿಸ್ಟ್ ಕರ್ಲ್ ಮೂರು, ಹಿಂಭಾಗದ್ದು ಎರಡು, ಎಲ್ಲ 15ರ ಮೇಲೆ. ಕಾಲು ಗಂಟೆಯ ಕೆಲಸ. ತಿಂಗಳೊಪ್ಪತ್ತು ಮೊಣಕೈ ಏನೂ ತಕರಾರು ಮಾಡದಿದ್ದರೆ ಮೂರನೇ ದಿನ ಮನೆಯಲ್ಲಿ ರೋಲರ್. ಎಣಿಕೆ 20 ದಾಟಿದರೆ ತೂಕ ಏರಿಸು, ಅರ್ಧ ಕಿಲೋ ಏರಿದರೂ ಏರಿಕೆಯೇ.

ಅಳತೆ ತಿಂಗಳಿಗೊಮ್ಮೆ, ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ. ಕೈ ನೇರ ಚಾಚಿ ಮುಷ್ಟಿ ಬಿಗಿದು, ಮೊಣಕೈ ಕೆಳಗೆ ಅತಿ ದಪ್ಪ ಇರುವಲ್ಲಿ ಟೇಪ್ ಸುತ್ತು. ವ್ಯಾಯಾಮ ಆದ ಕೂಡಲೇ ಅಳೆದು ಫೋಟೋ ಹಾಕಿದರೆ ಈ ಗುಂಪಿನಿಂದ ಹೊರಗೆ ಹಾಕುತ್ತೇವೆ.

ಬೈತಖೋಲ್ ಹುಡುಗ (ಕಾರವಾರ)

ಪೈಪ್ ದುಡ್ಡು ಕೊಟ್ಟು ತರಬೇಡ. ನಮ್ಮ ಮನೆಯಲ್ಲಿ ಪ್ಲಂಬಿಂಗ್ ಮಾಡಿಸಿ ಉಳಿದ ತುಂಡುಗಳು ಇವೆ. ಸಂಜೆ ಬಂದು ತಗೊಂಡು ಹೋಗು. ವಾಚ್ ಕೊಡುವುದಾದರೆ ಅದನ್ನೂ ತಾ, ನನ್ನ ಕೈಗೆ ಸರಿಯಾಗುತ್ತದೆ.

ಮಾಜಾಳಿ ತೀರ (ಕಾರವಾರ)

ಫಿಸಿಯೋ ಅಕ್ಕ, ಇನ್ನೊಂದು ಕೇಳುವುದಿತ್ತು. ನನಗೆ ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅನ್ನುತ್ತವೆ. ಕೈ ಕೊಡವಿದರೆ ಸರಿ ಹೋಗುತ್ತದೆ. ಗ್ರಿಪ್ಪರ್ ಒತ್ತಿದರೆ ಕಡಿಮೆ ಆಗಬಹುದಾ ಅಂತ.

ಫಿಸಿಯೋ ಅಕ್ಕ (ಕುಮಟಾ)

ಗ್ರಿಪ್ಪರ್ ಮುಟ್ಟಬೇಡಿ. ನೀವು ಹೇಳಿದ ಮೂರು ಬೆರಳು, ರಾತ್ರಿ ಹೊತ್ತು, ಕೊಡವಿದರೆ ಹೋಗುವುದು, ಇದೆಲ್ಲ ಮಣಿಕಟ್ಟಿನೊಳಗೆ ನರ ಒತ್ತಿಕೊಂಡಾಗ ಬರುವ ಲಕ್ಷಣ. ಕಾರ್ಪಲ್ ಟನಲ್ ಅನ್ನುತ್ತಾರೆ. ಜೋರಾಗಿ ಹಿಡಿಯುವ ಕೆಲಸ ಮಾಡಿದಷ್ಟೂ ಹೆಚ್ಚಾಗಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಲ್ಲಿ ಇದು ಜಾಸ್ತಿ, ಅದಕ್ಕೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಸದ್ಯಕ್ಕೆ ಮಲಗುವಾಗ ಮಣಿಕಟ್ಟು ಮಡಚಿಕೊಳ್ಳದ ಹಾಗೆ ನೇರ ಇಡುವ ಪಟ್ಟಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಕಟ್ಟಿಕೊಳ್ಳಿ. ಹೆಬ್ಬೆರಳ ಬುಡದ ಮಾಂಸ ಇನ್ನೊಂದು ಕೈಗಿಂತ ತಗ್ಗಿದ ಹಾಗೆ ಕಂಡರೆ, ಅಥವಾ ಕೈಯಿಂದ ಸಾಮಾನು ಬೀಳಲು ಶುರುವಾದರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.